ಗುಡಾಣದ ಕೋಣೆಯ ಗಂಟಲಕ್ಕ

ನಾನು ಬಸ್ಸು ಓಡಿಸುವವನು. ಸದ್ದು ಮಾಡಿ ದಾರಿ ಬಿಡಿಸಿಕೊಳ್ಳುವುದೇ ನನ್ನ ಕಸುಬು. ಆದರೆ ನಿಜ ಹೇಳುತ್ತೇನೆ, ಇಷ್ಟು ವರ್ಷ ಹಾರ್ನ್ ಒತ್ತಿಯೂ ಒಂದು ನಾಯಿಯನ್ನು ನೆಟ್ಟಗೆ ಎಬ್ಬಿಸಿದವನಲ್ಲ. ಡಿಪೋ ಗೇಟಿಗೆ ಅಡ್ಡಲಾಗಿ ಮಲಗುವ ಕಂದು ನಾಯಿ ನನ್ನ ಹಾರ್ನ್ ಕೇಳಿದರೆ ಒಂದೇ ಕಣ್ಣು ತೆರೆಯುತ್ತದೆ, ಓ ಇವನಾ ಎಂದು ನೋಡಿ ಮತ್ತೆ ಮುಚ್ಚಿಕೊಳ್ಳುತ್ತದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಮನುಷ್ಯರು ಇನ್ನೂ ಒಂದು ಕೈ ಮೇಲು. ಹಾರ್ನ್ ಹೊಡೆದಷ್ಟೂ ನಿಧಾನವಾಗಿ ನಡೆಯುವವರಿದ್ದಾರೆ. ತಿರುಗಿ ನಿಂತು ನನ್ನ ಮನೆಮಂದಿಯನ್ನೆಲ್ಲ ವಿಚಾರಿಸಿಕೊಳ್ಳುವವರಿದ್ದಾರೆ. ನಾನೂ ಬಿಡುವವನಲ್ಲ, ಕಿಟಕಿಯಿಂದ ತಲೆ ಹೊರಗೆ ಹಾಕಿ ಅವರ ಮನೆಮಂದಿಯನ್ನು ವಿಚಾರಿಸಿಕೊಳ್ಳುತ್ತೇನೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇದೆ.

ನನ್ನ ಹೆಂಡತಿಯದೂ ಒಂದು ಲೆಕ್ಕದಲ್ಲಿ ಇದೇ ಕಸುಬು, ಸದ್ದು ಮಾಡಿ ಜನರನ್ನು ತಡೆಯುವುದು. ಆದರೆ ಅವಳಿಗೂ ನನಗೂ ಅಜಗಜಾಂತರ. ಅವಳು ಮ್ಯೂಸಿಯಂನಲ್ಲಿ ಕಾವಲಿನ ಕೆಲಸದವಳು. ಮಡಕೆ ಕುಡಿಕೆಗಳನ್ನಿಟ್ಟ ಕೋಣೆ ಅವಳದು. ಬಾಗಿಲ ಪಕ್ಕ ಒಂದು ಮರದ ಕುರ್ಚಿ, ಸೊಂಟದಲ್ಲಿ ಬೀಗದ ಕೈಗೊಂಚಲು, ಜೇಬಿನಲ್ಲಿ ಸಣ್ಣ ಟಾರ್ಚು. ಸುತ್ತ ಗಾಜಿನ ಕಪಾಟುಗಳಿವೆ. ನಡುವೆ, ಮೊಣಕಾಲೆತ್ತರದ ಕಟ್ಟೆಯ ಮೇಲೆ, ಗಾಜೂ ಇಲ್ಲದೆ ಬೇಲಿಯೂ ಇಲ್ಲದೆ ಒಂದು ದೊಡ್ಡ ಗುಡಾಣ ಕೂತಿದೆ. ನನ್ನ ಹೊಟ್ಟೆಯ ಕಡೆ ನೋಡಿ ನಮ್ಮ ಮಗಳು ಹೇಳುವುದುಂಟು, "ಅಮ್ಮನ ಹಣೆಬರಹ ನೋಡಪ್ಪಾ, ಅಲ್ಲೂ ಗುಡಾಣ ಕಾಯ್ಬೇಕು, ಇಲ್ಲೂ ಗುಡಾಣ ಕಾಯ್ಬೇಕು."

ಆ ಗುಡಾಣಕ್ಕೆ ಒಂದು ಸೆಳೆತವಿದೆ. ಅದರ ಬಾಯಂಚಿನ ಸುತ್ತ, ಎಂದೋ ಸತ್ತುಹೋದ ಯಾರೋ ಹಸಿಮಣ್ಣಿನಲ್ಲಿ ಒತ್ತಿದ ಬೆರಳಿನ ಗುಳಿಗಳು ಸಾಲಾಗಿ ಹಾಗೇ ಉಳಿದಿವೆ. ಬೆರಳಿನ ಗೆರೆಗಳೂ ಕಾಣುತ್ತವೆ. ಅದನ್ನು ನೋಡಿದವರಿಗೆ ತಮ್ಮ ಬೆರಳನ್ನೂ ಅದರೊಳಗೆ ಇಟ್ಟು ನೋಡಬೇಕು ಅನಿಸದೆ ಇರದು. ನನಗೂ ಅನಿಸಿದೆ. ಆದರೆ ಆ ಅಂಚು ಚೂರು ಚೂರು ಕೂಡಿಸಿ ಅಂಟಿಸಿದ್ದು. ಒಂದು ಬೆರಳು ಜೋರಾಗಿ ಒತ್ತಿದರೂ ತುಂಡು ಕಳಚಿ ಬಿದ್ದೀತು. ಹಿಂದೆ ಗಾಜಿನ ಪೆಟ್ಟಿಗೆ ಹಾಕಿ ನೋಡಿದ್ದರಂತೆ. ಬೆಳಕು ಗಾಜಿಗೆ ಬಡಿದು ಜನರಿಗೆ ಗುಡಾಣದ ಬದಲು ತಮ್ಮ ಮೂತಿಯೇ ಕಂಡಿತಂತೆ. ಪೆಟ್ಟಿಗೆ ತೆಗೆಸಿ, ಇವಳನ್ನು ಕೂರಿಸಿದರು.

ಇವಳ ಆಯುಧ ಗಂಟಲು. ಅವಳು ಗದರುವುದಿಲ್ಲ, "ಮುಟ್ಬೇಡಿ" ಅನ್ನುವುದಿಲ್ಲ. ಸುಮ್ಮನೆ ಗಂಟಲು ಸರಿಮಾಡಿಕೊಳ್ಳುತ್ತಾಳೆ, ಅಷ್ಟೇ. ಒಂದು ಎಳೆ ದಾರ ಒಳಗೆಲ್ಲೋ ಸಿಕ್ಕಿಕೊಂಡಿದೆ, ಅದನ್ನು ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದಾಳೆ ಅನ್ನುವಂಥ ಸದ್ದು. ಅದೂ ಕೈ ಚಾಚಿದ ಮೇಲೆ ಅಲ್ಲ, ಚಾಚುವ ಮನಸ್ಸು ಬಂದಾಗಲೇ. ಅದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದ್ದಕ್ಕೆ, "ಮೊದ್ಲು ಭುಜ ಇಳೀತದೆ ರೀ. ಆಮೇಲೆ ಅಕ್ಕಪಕ್ಕ ನೋಡ್ತಾರೆ. ಕೈ ಬರೋದು ಕೊನೇಗೆ," ಎಂದಿದ್ದಳು. ಸದ್ದು ಮಾಡುವಾಗ ಅವಳು ಆ ಮನುಷ್ಯನ ಕಡೆ ನೋಡುವುದೂ ಇಲ್ಲ, ಎದುರಿನ ಗೋಡೆ ನೋಡುತ್ತಿರುತ್ತಾಳೆ. ಕೋಣೆಯಲ್ಲಿ ಎಷ್ಟು ಜನರಿದ್ದರೂ ಯಾರಿಗೆ ಹೇಳಿದ್ದು ಎಂದು ಆ ಒಬ್ಬರಿಗೆ ಮಾತ್ರ ಗೊತ್ತು. ಹೊರಟಿದ್ದ ಕೈ ತಲೆ ಕೆರೆದುಕೊಂಡೋ ಕನ್ನಡಕ ಸರಿಮಾಡಿಕೊಂಡೋ ಮಾನವಾಗಿ ಮನೆಗೆ ಮರಳುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಅವಳೇ ಎದ್ದು ಹೋಗಿ ಟಾರ್ಚು ಹಾಕಿ ತೋರಿಸುತ್ತಾಳೆ: "ಇಲ್ಲಿ ನೋಡಿ, ಇದು ಹೆಬ್ಬೆರಳು. ಇಲ್ಲಿ ಒಂದ್ಸಲ ಜಾರಿದೆ."

"ಬೈದ್ರೆ ಕೈ ವಾಪಸ್ ಹೋಗ್ತದೆ, ಆಸೆ ಹೋಗಲ್ಲ," ಅನ್ನುತ್ತಾಳೆ. "ಯಾರೂ ಇಲ್ದಾಗ ಬಂದು ಮುಟ್ಟೇ ಮುಟ್ತಾರೆ. ಮರ್ಯಾದೆ ಉಳಿಸಿ ಕಳಿಸಿದ್ರೆ ಅವರೇ ಇನ್ನೊಬ್ರನ್ನ ತಡೀತಾರೆ."

ಮ್ಯೂಸಿಯಂನವರು ಅವಳಿಗೆ ಇಟ್ಟ ಹೆಸರು ಗಂಟಲಕ್ಕ. ಮನೆಯಲ್ಲೂ ಅದೇ ರಾಜ್ಯಭಾರ. ಪಕ್ಕದ ಮನೆಯ ಬೆಕ್ಕು ಹಾಲಿನ ಪಾತ್ರೆಯ ಹತ್ತಿರ ಬಂದಾಗ ಅಡುಗೆಮನೆಯ ಆ ಕಡೆಯಿಂದ ಒಂದು ಸಣ್ಣ ಗಂಟಲು. ಬೆಕ್ಕು ತಾನು ಕಿಟಕಿ ನೋಡಲಿಕ್ಕೇ ಬಂದದ್ದು ಅನ್ನುವ ಹಾಗೆ ಕಿಟಕಿ ನೋಡಿ ಹೊರಟುಹೋಗುತ್ತದೆ. ನಾನು ಸಕ್ಕರೆ ಡಬ್ಬಿಯ ಹತ್ತಿರ ಹೋದರೂ ಅದೇ ಗಂಟಲು, ನಾನೂ ಅದೇ ಕಿಟಕಿ ನೋಡುತ್ತೇನೆ. ಬೆಕ್ಕಿಗೂ ನನಗೂ ವ್ಯತ್ಯಾಸವಿಲ್ಲ ಎಂದು ಮಗಳು ನಗುತ್ತಾಳೆ. ನಗಲಿ. ಇಂಥ ಹೆಂಡತಿ ಇದ್ದಾಳೆಂದು ನನಗೆ ಜಂಬವೇ.

ಆ ಗಂಟಲಿನಲ್ಲೇ ಒಂದು ಗಂಟು ಬೆಳೆಯಿತು. ಕತ್ತಿನ ಬುಡದಲ್ಲಿ, ಬಟಾಣಿ ಕಾಳಿನಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಯಿತು. ಆಪರೇಷನ್ ಆಗಲೇಬೇಕು ಎಂದರು, ಆಯಿತು. ಕೆಟ್ಟ ಗಂಟು ಅಲ್ಲ ಎಂದು ಹೇಳಿದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಆದರೆ ಅವಳು ಎಚ್ಚರಗೊಂಡು ನನ್ನನ್ನು ಕರೆಯಲು ಬಾಯಿ ತೆರೆದಾಗ ಬರೀ ಗಾಳಿ ಬಂತು. ದನಿಯ ನರಕ್ಕೆ ಪೆಟ್ಟಾಗಿದೆಯಂತೆ. ದನಿ ಬರುತ್ತದಾ ಎಂದು ಕೇಳಿದರೆ ಡಾಕ್ಟರು, "ಬರಬಹುದು, ಬರದೇನೂ ಇರಬಹುದು, ನೋಡೋಣ," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಮನೆಗೆ ಬಂದ ಮೇಲೆ ಅವಳು ಮೊದಲು ಮಾಡಿದ ಕೆಲಸ ಗಂಟಲು ಸರಿಮಾಡಿಕೊಂಡದ್ದು. ನಾನು ಅಡುಗೆಮನೆಯಲ್ಲಿದ್ದೆ, ಕೇಳಿಸಿತು. ಬ್ಯಾಟರಿ ಇಳಿದ ಗಾಡಿಯನ್ನು ಸ್ಟಾರ್ಟ್ ಮಾಡಲು ಹೋದ ಹಾಗೆ ಒಂದು ಒಣ ಕೆರೆತ, ಆಮೇಲೆ ಏನೂ ಇಲ್ಲ. ಇನ್ನೊಂದು ಸಲ ಮಾಡಿದಳು. ಮತ್ತೆ ಮಾಡಲಿಲ್ಲ. ಕತ್ತಿಗೆ ಒಂದು ಹತ್ತಿಯ ಸ್ಕಾರ್ಫು ಸುತ್ತಿಕೊಂಡಳು, ಅದನ್ನು ಬದಲಾಯಿಸುವಾಗ ಬಾಗಿಲು ಹಾಕಿಕೊಳ್ಳತೊಡಗಿದಳು. ಬೆಕ್ಕು ಎರಡು ಸಲ ಹಾಲು ಕುಡಿದುಹೋಯಿತು. ನಾನು ಸಕ್ಕರೆ ಡಬ್ಬಿ ಮುಟ್ಟಲಿಲ್ಲ, ಮನಸ್ಸು ಬರಲಿಲ್ಲ.

ರಜೆ ಮುಗಿಯುವ ಹೊತ್ತಿಗೆ ಮ್ಯೂಸಿಯಂನ ಮ್ಯಾನೇಜರ್ ಮನೆಗೇ ಬಂದರು. ಒಳ್ಳೆಯ ಮನುಷ್ಯ, ಅವಳಿಗಿಂತ ಕಿರಿಯ, ಮೊದಲಿಂದಲೂ ಅಕ್ಕ ಎಂದೇ ಕರೆಯುವವರು. ಅವಳಿಲ್ಲದಾಗ ಗುಡಾಣದ ಕಟ್ಟೆಗೆ ಒಂದು ಯಂತ್ರ ಕೂರಿಸಿದ್ದರಂತೆ, ಯಾರಾದರೂ ಹತ್ತಿರ ಬಗ್ಗಿದರೆ ಅದು 'ಟೀಂ' ಎಂದು ಕಿರುಚುತ್ತದೆ.

"ಕೆಲಸ ಎಲ್ಲೂ ಹೋಗಲ್ಲ ಅಕ್ಕ," ಎಂದರು. "ಕೆಳಗೆ ಚೀಲ ಇಡೋ ಕೌಂಟರ್ ಇದೆಯಲ್ಲ, ಅಲ್ಲಿ ಕೂತ್ಕೊಳ್ಳಿ. ಚೀಲ ತಗೋಳೋದು, ಟೋಕನ್ ಕೊಡೋದು. ಮಾತಿನ ಅಗತ್ಯಾನೇ ಇಲ್ಲ."

ಅವರು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಅವಳ ಮುಖ ಇಳಿದುಹೋಯಿತು. ನನ್ನ ಕೈಯಿಂದ ಬಸ್ಸು ಕಿತ್ತುಕೊಂಡು ಟಿಕೆಟ್ ರೋಲು ಸುತ್ತಿಡು ಎಂದರೆ ನನಗೆ ಹೇಗಾಗುತ್ತಿತ್ತು?

ಅವಳು ಪಿಸುದನಿಯಲ್ಲಿ ಕೇಳಿದಳು, "ಹದ್ದು ಏನಾಯ್ತು?"

ಮ್ಯಾನೇಜರ್ ಪೆಚ್ಚಾಗಿ ನಕ್ಕರು. ಅದು ಹಳೆಯ ಕಥೆ. ಮ್ಯೂಸಿಯಂನ ಸೂರಿನಲ್ಲಿ ಪಾರಿವಾಳಗಳ ಕಾಟ ಎಂದು ಹದ್ದಿನ ಕೂಗು ಹಾಕುವ ಪೆಟ್ಟಿಗೆಯೊಂದನ್ನು ತರಿಸಿದ್ದರು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಹಾಗೆ, ಹದ್ದು ಕೂಗಿದ್ದೇ ಕೂಗಿದ್ದು, ಪಾರಿವಾಳಗಳು ದಿಕ್ಕೆಟ್ಟು ಓಡಿದವು. ಆಮೇಲೆ ಒಂದೊಂದೇ ಮರಳಿ ಬಂದು ಕೂತು ಕೇಳಿಸಿಕೊಂಡವು. ಈ ಹದ್ದು ಕೂಗುತ್ತದೆಯೇ ಹೊರತು ಬರುವುದಿಲ್ಲ ಎಂದು ತಿಳಿದ ಮೇಲೆ ಆ ಪೆಟ್ಟಿಗೆಯ ಹಿಂದೆಯೇ ಗೂಡು ಕಟ್ಟಿ ಮರಿ ಮಾಡಿದವು.

"ಯಂತ್ರಾನೂ ಹಂಗೇ ಆಗ್ತಿದೆ," ಎಂದು ಅವರೇ ಒಪ್ಪಿಕೊಂಡರು. "ಮಕ್ಕಳು ಅದನ್ನ ಕಿರುಚಿಸೋಕೇ ಬರ್ತಾರೆ. ಆದ್ರೆ ಅಂಚು ಬಿದ್ರೆ ಮತ್ತೆ ಕೂಡ್ಸೋಕೆ ಆಗಲ್ಲ ಅಕ್ಕ. ಅದಕ್ಕೇ ಹೆದರಿಕೆ."

ಅವಳು ಒಂದು ವಾರದ ಗಡುವು ಕೇಳಿದಳು. ಯಂತ್ರ ಬಂದ್ ಮಾಡಬೇಕು, ಕೋಣೆ ತನಗೇ ಬಿಡಬೇಕು. ವಾರದೊಳಗೆ ಗುಡಾಣಕ್ಕೆ ಒಂದು ಬೆರಳು ತಗುಲಿದರೂ ತಾನೇ ಕೆಳಗಿಳಿದು ಚೀಲದ ಕೌಂಟರಿಗೆ ಹೋಗುತ್ತೇನೆ ಎಂದಳು. ಅವರು ಹೂಂ ಎಂದರು.

ಮೊದಲ ದಿನಗಳಲ್ಲಿ ಅವಳಿಗೆ ಸಾಕುಬೇಕಾಗಿ ಹೋಯಿತು. ದನಿ ಇಲ್ಲದಿದ್ದರೇನು ಎಂದು ಬೀಗದ ಕೈಗೊಂಚಲು ಅಲುಗಿಸಿ ನೋಡಿದಳಂತೆ. ಬಾಗಿಲು ಹಾಕುತ್ತಾರೆಂದು ತಿಳಿದು ಇಡೀ ಕೋಣೆ ದುಡುದುಡು ಹೊರಗೆ ಓಡಿತು. ಕುರ್ಚಿ ಎಳೆದು ಸದ್ದು ಮಾಡಿದಳು. ಎಲ್ಲರೂ ತಿರುಗಿ ನೋಡಿದರು, ಒಬ್ಬ ಸಭ್ಯ ಹುಡುಗ ಬಂದು ಕುರ್ಚಿ ಎತ್ತಿಟ್ಟುಕೊಟ್ಟ. ಕೊನೆಗೆ ಗುಡಾಣದ ಪಕ್ಕದಲ್ಲೇ ನಿಂತಿರತೊಡಗಿದಳು. ಆಗ ಜನ ಒಳಗೆ ಬಂದು, ಇವಳನ್ನು ನೋಡಿ, ಗುಡಾಣ ನೋಡದೆಯೇ ಮುಂದಿನ ಕೋಣೆಗೆ ಹೋಗುತ್ತಿದ್ದರು. ಬೆರಳೇನೋ ಯಾವುದೂ ತಗುಲಲಿಲ್ಲ. ಆದರೆ ಸಂಜೆ ಬಂದು ಚಪ್ಪಲಿಯನ್ನೂ ಬಿಡದೆ ಕೂತುಬಿಡುತ್ತಿದ್ದಳು.

"ಹಿಂಗೆ ಕಾದ್ರೆ ಅದು ಕಾವಲಲ್ಲ ರೀ," ಎಂದು ಉಸಿರಲ್ಲೇ ಹೇಳಿದಳು. "ಯಾರೂ ನೋಡ್ಲೇ ಇಲ್ಲ ಅಂದ್ಮೇಲೆ ಕಾಯೋದು ಯಾತಕ್ಕೆ?"

ನನಗೆ ತಡೆಯಲಾಗಲಿಲ್ಲ. ಅವಳ ಗಂಟಲು ಹೋದರೇನು, ನನ್ನ ಗಂಟಲು ಇದೆಯಲ್ಲ ಎಂದುಕೊಂಡೆ. ಕನ್ನಡಿಯ ಮುಂದೆ ನಿಂತು ಅವಳ ಸದ್ದು ಅಭ್ಯಾಸ ಮಾಡಿದೆ. ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, "ಅಪ್ಪಾ, ನೀನು ಹಿಂಗೆ ಮಾಡಿದ್ರೆ ಜನ ಆಂಬ್ಯುಲೆನ್ಸ್ ಕರೀತಾರೆ," ಎಂದಳು. ಅವಳ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ವಾರದ ರಜೆಯ ದಿನ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹೇಳದೆ ಕೇಳದೆ ಹೋಗಿ ಅವಳ ಕೋಣೆಯ ಬೆಂಚಿನ ಮೇಲೆ ಕೂತೆ. ಅವಳು ನನ್ನನ್ನು ನೋಡಿ ಹುಬ್ಬೇರಿಸಿದಳು. ನಾನು ಯಾರೋ ಪರಸ್ಥಳದವನ ಹಾಗೆ ಮುಖ ಮಾಡಿದೆ.

ಕೊಡೆ ಹಿಡಿದ ಒಬ್ಬ ಉದ್ದನೆಯ ಮನುಷ್ಯ ಬಂದ. ಗುಡಾಣದ ಸುತ್ತ ಒಂದು ಸುತ್ತು ಬಂದು ಬಗ್ಗಿದ. ಭುಜ ಇಳಿಯಿತು. ಅಕ್ಕಪಕ್ಕ ನೋಡಿದ. ಈಗಲೇ ಎಂದು ನಾನು ಗಂಟಲು ಸರಿಮಾಡಿಕೊಂಡೆ.

ಅದು ಬಸ್ಸಿನ ಹಾರ್ನೇ ಆಯಿತು. ಗಾಜಿನ ಕಪಾಟುಗಳು ಝಣ್ಣೆಂದವು. ಆ ಮನುಷ್ಯ ಬೆಚ್ಚಿಬಿದ್ದು ಗಕ್ಕನೆ ತಿರುಗಿದ, ಕೊಡೆಯ ತುದಿ ಗುಡಾಣದ ಅಂಚಿನ ಪಕ್ಕದಲ್ಲೇ ಹಾದುಹೋಯಿತು. ಕೂದಲೆಳೆಯ ಅಂತರ. ಕೋಣೆಯ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಬ್ಬ ಅಜ್ಜಿ ಬಂದು ನನ್ನ ಅಂಗೈಯಲ್ಲಿ ಒಂದು ಪೆಪ್ಪರಮಿಂಟು ಇಟ್ಟು, "ಬಿಸಿನೀರು ಕುಡಿಯಪ್ಪ," ಎಂದರು.

ನನ್ನ ಹೆಂಡತಿ ನನ್ನ ತೋಳು ಹಿಡಿದು ಹೊರಗಿನ ಮೆಟ್ಟಿಲವರೆಗೆ ಎಳೆದುಕೊಂಡು ಬಂದಳು. ಅವಳ ಮುಖ ಕೆಂಪಾಗಿತ್ತು. "ನನ್ನ ಕೋಣೇಲಿ ಹಾರ್ನ್ ಹೊಡೀಬೇಡಿ," ಎಂದಳು. ಪಿಸುಮಾತಿಗೂ ಅಷ್ಟು ಖಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ನನ್ನ ಕಿವಿ ಬಿಸಿಯಾದವು. ನಾನು ಎಂದಿನ ಚಾಳಿಯಂತೆ, ತಪ್ಪು ನನ್ನದಾದಾಗ ಇನ್ನೂ ಜೋರಾಗಿ ಮಾತಾಡುವವನು, "ಅಲ್ಲ ಕಣೇ, ನಾನು ನಿನ್ನ ಒಳ್ಳೇದಕ್ಕೇ..." ಎಂದು ಕೈ ಬೀಸುತ್ತ ಶುರುಮಾಡಿದೆ. ಅವಳಿಗೆ ಇನ್ನೂ ಬೈಯುವುದಿತ್ತು. ಬೈಯಲೆಂದು ಬಾಯಿ ತೆರೆದು ಸರಕ್ಕನೆ ಉಸಿರು ಒಳಗೆಳೆದುಕೊಂಡಳು.

ದನಿ ಬರಲಿಲ್ಲ. ಆದರೆ ನಾನು ಸುಮ್ಮನಾಗಿದ್ದೆ. ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತ್ತು. ಏನೋ ಹೇಳಲಿದ್ದಾಳೆ, ಕೇಳಬೇಕು ಎಂದು ಕಾಯುತ್ತಿದ್ದೆ. ಮೆಟ್ಟಿಲು ಹತ್ತುತ್ತಿದ್ದ ಅಪರಿಚಿತ ಗಂಡಹೆಂಡಿರು ಕೂಡ ಒಂದು ಕಾಲು ಮೇಲಿನ ಮೆಟ್ಟಿಲ ಮೇಲಿಟ್ಟು ನಿಂತು, ಇವಳ ಬಾಯನ್ನೇ ನೋಡುತ್ತಿದ್ದರು.

ಅವಳು ನನ್ನ ಕೈ ನೋಡಿದಳು. ಆ ಗಂಡಹೆಂಡಿರ ಕಾಲು ನೋಡಿದಳು. ಕೋಪ ಇಳಿದು ಅವಳ ಕಣ್ಣಲ್ಲಿ ಬೇರೇನೋ ಬಂತು. ನನ್ನನ್ನು ಅಲ್ಲೇ ಬಿಟ್ಟು, ಒಂದು ಮಾತೂ ಹೇಳದೆ, ಬಿರಬಿರನೆ ಒಳಗೆ ಹೋದಳು. ನಾನು ಪೆಪ್ಪರಮಿಂಟು ಬಾಯಿಗೆ ಹಾಕಿಕೊಂಡು ಮನೆಗೆ ಹೋದೆ.

ವಾರದ ಕೊನೆಯ ದಿನ ಮ್ಯಾನೇಜರ್ ತಾವೇ ಬಂದು ನೋಡುತ್ತೇನೆ ಎಂದಿದ್ದರು. ನನ್ನದು ಬೆಳಗಿನ ಪಾಳಿ, ಮುಗಿಸಿ ನೇರ ಅಲ್ಲಿಗೇ ಹೋದೆ. ತುಟಿ ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟ ಮೇಲೆ ಬಾಗಿಲ ಹೊರಗೆ ನಿಲ್ಲಲು ಅವಳು ಒಪ್ಪಿದಳು. ಮ್ಯಾನೇಜರ್ ಒಳಗೆ ಕಪಾಟಿನ ಪಕ್ಕ ಕೈಕಟ್ಟಿ ನಿಂತಿದ್ದರು. ಅವಳು ಗುಡಾಣದ ಬಳಿ ಇರಲಿಲ್ಲ, ಮೊದಲಿನ ಹಾಗೆ ತನ್ನ ಕುರ್ಚಿಯಲ್ಲಿ ಕೂತಿದ್ದಳು.

ಅಷ್ಟರಲ್ಲಿ ಒಂದು ದೊಡ್ಡ ಗುಂಪು ನುಗ್ಗಿತು. ಯಾವುದೋ ಬೇಕರಿಯ ಕೆಲಸದವರು, ರಜೆ ಹಾಕಿ ಊರು ನೋಡಲು ಹೊರಟವರು. ದಿನವಿಡೀ ಹಿಟ್ಟು ನಾದುವ ಕೈಗಳು. ಮುಟ್ಟದೆ ಏನನ್ನೂ ಅರಿಯದ ಕೈಗಳು. ಗುಡಾಣದ ಸುತ್ತ ಮುತ್ತಿಕೊಂಡರು. "ಅಯ್ಯೋ, ಬೆರಳು ನೋಡ್ರೋ, ಬೆರಳು!" ಎಂದು ಒಬ್ಬರು ಕೂಗಿದರು. ಅಂಗಿಯ ತೋಳು ಮೇಲಕ್ಕೆ ಮಡಚಿದ ಒಬ್ಬ ದಪ್ಪನೆಯ ಹೆಂಗಸು, ಗುಂಪಿಗೆ ಹಿರಿಯಳಿರಬೇಕು, ಮುಂದೆ ಬಂದಳು. ಅವಳ ಭುಜ ಇಳಿಯಿತು. ಮ್ಯಾನೇಜರ್ ಕಟ್ಟಿದ ಕೈ ಬಿಚ್ಚಿದರು. ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ.

ನನ್ನ ಹೆಂಡತಿ ಎದುರಿನ ಗೋಡೆ ನೋಡುತ್ತ ಉಸಿರು ಒಳಗೆಳೆದುಕೊಂಡಳು.

ಅಷ್ಟೇ. ಮಾತು ಶುರುವಾಗುವ ಮುಂಚೆ ಬರುವ ಆ ಚಿಕ್ಕ ಸದ್ದು. ಯಾರಾದರೂ ಮುಖ್ಯವಾದದ್ದನ್ನು ಹೇಳಲಿರುವಾಗ ಬರುವಂಥದ್ದು. ಅಷ್ಟು ಗಲಾಟೆಯ ನಡುವೆ ಅದು ಕೇಳಿಸೀತೆಂದು ನಾನು ಕನಸಲ್ಲೂ ಎಣಿಸಿರಲಿಲ್ಲ. ಕೇಳಿಸಿತು. ಮೊದಲು ಆ ಹೆಂಗಸಿನ ಕೈ ನಿಂತಿತು, ಆಮೇಲೆ ಪಕ್ಕದವರ ಮಾತು ನಿಂತಿತು, ಆಮೇಲೆ ಹಿಂದಿನವರ ನಗು. ಇಡೀ ಗುಂಪು ಕಿವಿ ನಿಮಿರಿಸಿ, ಹೇಳದೆ ಉಳಿದ ಒಂದು ಮಾತಿಗೆ ಕಾದು ನಿಂತಿತು. ಯಾರಿಗೂ ಅವಮಾನವಾಗಲಿಲ್ಲ. ಬೈಸಿಕೊಂಡೆವೆಂದು ಒಬ್ಬರಿಗೂ ಅನ್ನಿಸಲಿಲ್ಲ. ಗೌರವದಿಂದ ನಿಂತಿದ್ದರು, ಅಷ್ಟೇ.

ಆ ನಿಶ್ಶಬ್ದದಲ್ಲಿ ಅವಳು ಎದ್ದು ಹೋದಳು. ಟಾರ್ಚು ಹೊತ್ತಿಸಿ ಅಂಚಿನ ಮೇಲೆ ಬೆಳಕು ಬಿಟ್ಟಳು. ಪಿಸುದನಿಯಲ್ಲಿ, "ಇದು ಹೆಬ್ಬೆರಳು," ಎಂದಳು. ಅದನ್ನು ಕೇಳಿಸಿಕೊಳ್ಳಲು ಅಷ್ಟೂ ಜನ ಉಸಿರು ಹಿಡಿದು ಬಗ್ಗಿದರು. ಆ ದಪ್ಪನೆಯ ಹೆಂಗಸು ತನ್ನ ಹೆಬ್ಬೆರಳನ್ನು ಎತ್ತಿ, ಗುಡಾಣಕ್ಕೆ ತಾಗಿಸದೆ, ಗಾಳಿಯಲ್ಲೇ ಆ ಗುಳಿಗೆ ಅಳತೆ ಹಿಡಿದಳು. "ನನ್ನಷ್ಟೇ ಇದೆ," ಎಂದು ಅವಳೂ ಪಿಸುದನಿಯಲ್ಲೇ ಹೇಳಿದಳು.

ಸದ್ದಿನಲ್ಲಿ ನಾನು ಅರ್ಧ ಆಯುಷ್ಯ ಕಳೆದವನು. ಸದ್ದೆಂದರೆ ತಳ್ಳುವುದು ಎಂದುಕೊಂಡಿದ್ದೆ. ತಳ್ಳದೆ ತಡೆಯುವ ಸದ್ದನ್ನು, ಅದೂ ದನಿ ಕಳೆದುಕೊಂಡ ಮೇಲೆ ಹುಡುಕಿ ತೆಗೆದವಳನ್ನು, ನಾನು ಆ ಬಾಗಿಲ ಹೊರಗೆ ನಿಂತು ನೋಡಿದೆ. ಅಲ್ಲೇ ನೆಲಕ್ಕೆ ಬಿದ್ದು ನಮಸ್ಕಾರ ಮಾಡೋಣ ಅನಿಸಿತು. ಮಾಡಿದ್ದರೆ ಅದೂ ಗಲಾಟೆಯಾಗುತ್ತಿತ್ತು ಎಂದು ಸುಮ್ಮನಿದ್ದೆ.

ಗುಂಪು ಹೋದ ಮೇಲೆ ಮ್ಯಾನೇಜರ್ ಕಟ್ಟೆಯ ಹತ್ತಿರ ಹೋಗಿ ಬಗ್ಗಿ, ಆ ಯಂತ್ರದ ವೈರು ಕಿತ್ತು ಸುತ್ತಿಕೊಂಡರು. "ನಾನೂ ಕಾಯ್ತಾ ನಿಂತಿದ್ದೆ ಅಕ್ಕ, ಏನು ಹೇಳ್ತೀರೋ ಅಂತ," ಎಂದರು. "ಕೋಣೆ ನಿಮ್ಮದೇ. ಚೀಲದ ಕೌಂಟರಿಗೆ ಬೇರೆ ಯಾರನ್ನಾದ್ರೂ ನೋಡ್ಕೋತೀನಿ."

ಮ್ಯೂಸಿಯಂ ಬಾಗಿಲು ಹಾಕಿದ ಮೇಲೆ ನಾವಿಬ್ಬರೂ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತೆವು. ಸಂಜೆ ಬಿಸಿಲು ಇನ್ನೂ ಇತ್ತು. ಸೆಕೆಗೆ ಅವಳು ಸ್ಕಾರ್ಫು ಬಿಚ್ಚಿ ತೊಡೆಯ ಮೇಲೆ ಮಡಚಿಟ್ಟುಕೊಂಡಳು, ತಾನು ಬಿಚ್ಚಿದ್ದು ತನಗೇ ಗೊತ್ತಿಲ್ಲದವಳ ಹಾಗೆ. ಆಪರೇಷನ್ ಆದಂದಿನಿಂದ ನಾನು ಆ ಗಾಯ ನೋಡಿರಲಿಲ್ಲ. ಕತ್ತಿನ ಬುಡದಲ್ಲಿ ಅಡ್ಡಕ್ಕೆ ಒಂದು ಗುಲಾಬಿ ಗೆರೆ. ಅದನ್ನು ನೋಡಿ ನನ್ನ ಕಣ್ಣು ತುಂಬಿದವು. ಮೆಲ್ಲಗೆ ಕೈ ಚಾಚಿದೆ.

ಅವಳು ಉಸಿರು ಒಳಗೆಳೆದುಕೊಂಡಳು.

ನನ್ನ ಕೈ ಅಲ್ಲೇ ನಿಂತುಬಿಟ್ಟಿತು. ಹಿಂದಕ್ಕೆ ತೆಗೆದುಕೊಂಡೆ. ಅವಳು ನನ್ನ ಕೈ ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ಭುಜ ಕುಲುಕಿಸಿ ನಗತೊಡಗಿದಳು. ಎಷ್ಟೋ ದಿನದ ಮೇಲೆ ಅವಳು ನಕ್ಕದ್ದು ಅದು.

"ನಿಮಗಲ್ಲ ರೀ ಅದು," ಎಂದಳು. "ನಿಜವಾಗ್ಲೂ ಮಾತಾಡೋಕೆ ಹೊರಟಿದ್ದೆ. ಮುಟ್ಟಿ."